32 ಮಿಲಿಮೀಟರ್ ಜಾಗಕ್ಕೆ 30 ಮೆಗಾವಾಟ್

ಅಮೆರಿಕದ ಫ್ಲಾರಿಡಾ ರಾಜ್ಯದ ರಾಜಧಾನಿ ಟ್ಯಾಲಹಾಸಿಯಲ್ಲಿ 35 ಟನ್ ತೂಕದ, ಎರಡಾಳೆತ್ತರಕ್ಕೂ ಮೀರಿದ ಒಂದು ಅಯಸ್ಕಾಂತವಿದೆ. ಅದರ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ 32 ಮಿಲಿಮೀಟರ್ ಅಗಲದ ಒಂದು ಟೊಳ್ಳು. ಆ ಬೃಹತ್ ಯಂತ್ರ, ಅದರ ಹಿಂದಿರುವ ಪಂಪುಗಳು, ಟ್ರಾನ್ಸ್‌ಫಾರ್ಮರುಗಳು, ದ್ರವ ಹೀಲಿಯಂ ತಯಾರಿಸುವ ಘಟಕ ಎಲ್ಲವೂ ಇರುವುದು ಆ ಟೊಳ್ಳಿಗಾಗಿ. ಅಕ್ಕಿಕಾಳಿಗಿಂತ ಚಿಕ್ಕದಾದ ಹರಳನ್ನು ಉದ್ದನೆಯ ಕೋಲಿನ ತುದಿಗೆ ಅಂಟಿಸಿ ಅದರೊಳಗೆ ಇಳಿಸುತ್ತಾರೆ. ಕಂಟ್ರೋಲ್ ರೂಮಿನಲ್ಲಿ ಕುಳಿತವರು ವಿದ್ಯುತ್ತನ್ನು ಮೆಲ್ಲನೆ ಏರಿಸುತ್ತ ಹೋದಂತೆ ಒಳಗಿನ ಕಾಂತಕ್ಷೇತ್ರ 45 ಟೆಸ್ಲಾ ತಲುಪುತ್ತದೆ. ನಮ್ಮ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿರುವುದು ಒಂದೂವರೆ ಅಥವಾ ಮೂರು ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಬೆಂಗಳೂರಿನಲ್ಲಿ ಒಂದು ಟೆಸ್ಲಾವನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು 40 ಪಾಲಿನಷ್ಟು. ಆ ಟೊಳ್ಳಿನೊಳಗಿರುವುದು ಅದರ ಹನ್ನೊಂದು ಲಕ್ಷ ಪಟ್ಟು. ಅದಕ್ಕೆ ತಗಲುವ ವಿದ್ಯುತ್ತು ಸುಮಾರು 30 ಮೆಗಾವಾಟ್.

ಈ ಸಂಖ್ಯೆಗಳಿಗಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಆ ಟೊಳ್ಳಿನ ಮೇಲೆ ಯಾರಿಗೆ ಹಕ್ಕಿದೆ ಎಂಬ ವಿಚಾರ. ಈ ಅಯಸ್ಕಾಂತವಿರುವುದು ಅಮೆರಿಕದ ರಾಷ್ಟ್ರೀಯ ಉನ್ನತ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ. ಅಲ್ಲಿನವರು ಅದನ್ನು ಚಿಕ್ಕದಾಗಿ ಮ್ಯಾಗ್‌ಲ್ಯಾಬ್ ಎನ್ನುತ್ತಾರೆ. ಜಗತ್ತಿನ ಯಾವ ಮೂಲೆಯ ಸಂಶೋಧಕರೂ ಅಲ್ಲಿಗೆ ಅರ್ಜಿ ಹಾಕಬಹುದು. ಅದೇ ಕ್ಷೇತ್ರದ ತಜ್ಞರು ಅರ್ಜಿಯನ್ನು ಓದಿ, ಪ್ರಶ್ನೆಯಲ್ಲಿ ಹುರುಳಿದೆ ಎಂದು ಕಂಡರೆ ಅಯಸ್ಕಾಂತದ ಸಮಯವನ್ನು ಹಂಚಿಕೊಡುತ್ತಾರೆ. ಬಾಡಿಗೆ ಇಲ್ಲ, ಕರೆಂಟಿನ ಬಿಲ್ಲೂ ಇಲ್ಲ. ಕಂಡುಕೊಂಡದ್ದನ್ನು ಪ್ರಕಟಿಸಿ ಎಲ್ಲರ ಮುಂದಿಡಬೇಕು ಎಂಬುದೊಂದೇ ಕರಾರು. ಖರ್ಚನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಫ್ಲಾರಿಡಾ ಸರ್ಕಾರವೂ ಹೊರುತ್ತವೆ. ಇಷ್ಟು ದುಬಾರಿ ಉಪಕರಣವನ್ನು ಪಿಎಚ್‌.ಡಿ. ಎರಡನೇ ವರ್ಷದಲ್ಲಿರುವ ಹುಡುಗಿಯೊಬ್ಬಳ ಕೈಗೂ ಒಪ್ಪಿಸುವ ಈ ವ್ಯವಸ್ಥೆ ವಿಜ್ಞಾನಕ್ಕೆ ಕೊಟ್ಟಷ್ಟನ್ನು ಯಾವ ಒಂದು ದಾಖಲೆಯೂ ಕೊಟ್ಟಿಲ್ಲ ಎಂಬುದು ನನ್ನ ನಂಬಿಕೆ.

ಪ್ರಯೋಗಾಲಯದ ಅಂಗಗಳು ಮೂರು ಕಡೆ ಇವೆ. ಟ್ಯಾಲಹಾಸಿಯ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗಂಟೆಗಟ್ಟಲೆ ಸ್ಥಿರವಾಗಿ ನಿಲ್ಲುವ ಕ್ಷೇತ್ರಗಳು. ಗೇನ್ಸ್‌ವಿಲ್‌ನ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ನಿರಪೇಕ್ಷ ಶೂನ್ಯಕ್ಕೆ ತೀರ ಹತ್ತಿರದ ತಣ್ಪಿನಲ್ಲಿ ನಡೆಯುವ ಪ್ರಯೋಗಗಳು. ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್‌ನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದು ಹೋಗುವ, ಆದರೆ ಇನ್ನೂ ಬಲವಾದ ಕ್ಷೇತ್ರಗಳು.

ಮ್ಯಾಗ್‌ಲ್ಯಾಬ್ ಫ್ಲಾರಿಡಾಕ್ಕೆ ಬಂದದ್ದು ಸುಲಭದಲ್ಲಿ ಅಲ್ಲ. ಅಲ್ಲಿಯವರೆಗೆ ಈ ವಿದ್ಯೆಯ ತವರು ಬಾಸ್ಟನ್ ಪಕ್ಕದ ಎಂಐಟಿ. ಫ್ರಾನ್ಸಿಸ್ ಬಿಟ್ಟರ್ ಎಂಬ ಭೌತವಿಜ್ಞಾನಿ 1930ರ ದಶಕದಲ್ಲೇ ಅಲ್ಲಿ 10 ಟೆಸ್ಲಾ ಕ್ಷೇತ್ರವನ್ನು ಸ್ಥಿರವಾಗಿ ನಿಲ್ಲಿಸಿ ತೋರಿಸಿದ್ದ. ಅವನ ಹೆಸರಿನ ರಾಷ್ಟ್ರೀಯ ಪ್ರಯೋಗಾಲಯವೂ ಅಲ್ಲೇ ಇತ್ತು. 1990ರಲ್ಲಿ ಹೊಸ ಪ್ರಯೋಗಾಲಯದ ಜವಾಬ್ದಾರಿಯನ್ನು ಫ್ಲಾರಿಡಾದ ಗುಂಪಿಗೆ ವಹಿಸಿದಾಗ ಎಂಐಟಿ ಬಹಿರಂಗವಾಗಿಯೇ ಪ್ರತಿಭಟಿಸಿತು. ಹೆಸರಾಂತ ಸಂಸ್ಥೆಯನ್ನು ಬಿಟ್ಟು, ಈ ವಿದ್ಯೆಯಲ್ಲಿ ಹೆಸರಿಲ್ಲದ ಊರಿಗೆ ಕೊಡುವುದೇ ಎಂಬ ಪ್ರಶ್ನೆ ಅಂದು ಸಹಜವಾಗಿತ್ತು. ನಾಲ್ಕು ವರ್ಷಗಳಲ್ಲಿ, 1994ರಲ್ಲಿ, ಟ್ಯಾಲಹಾಸಿಯ ಪ್ರಯೋಗಾಲಯ ಉದ್ಘಾಟನೆಯಾಯಿತು. ಮೊದಲ ನಿರ್ದೇಶಕ ಜ್ಯಾಕ್ ಕ್ರೋ ಮತ್ತು ಅವರ ಎಂಜಿನಿಯರುಗಳು ಆ ಪ್ರಶ್ನೆಗೆ ಕೆಲಸದಲ್ಲೇ ಉತ್ತರ ಕೊಟ್ಟರು. 45 ಟೆಸ್ಲಾ ಅಯಸ್ಕಾಂತ ಮೊದಲು ಚಾಲೂ ಆದದ್ದು 1999ರಲ್ಲಿ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ಮೀರಿಸಿದ ಸ್ಥಿರ ಕ್ಷೇತ್ರದ ಹೈಬ್ರಿಡ್ ಅಯಸ್ಕಾಂತ ಬೇರೆಲ್ಲೂ ಬರಲಿಲ್ಲ.

ಸುಡುವ ಬಿಸಿ, ಸಿಡಿಸುವ ಬಲ

ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಸಿದರೆ ಅಯಸ್ಕಾಂತ ಸಿದ್ಧ ಎಂದು ಶಾಲೆಯಲ್ಲೇ ಕಲಿಯುತ್ತೇವೆ. ವಿದ್ಯುತ್ತನ್ನು ಹೆಚ್ಚಿಸುತ್ತ ಹೋದರೆ ಎರಡು ತೊಂದರೆಗಳು ಎದುರಾಗುತ್ತವೆ. ಮೊದಲನೆಯದು ಬಿಸಿ. ಬಿಟ್ಟರ್ ತಂತಿಯನ್ನೇ ಕೈಬಿಟ್ಟು, ತೂತುಗಳಿರುವ ತಾಮ್ರದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ವಿದ್ಯುತ್ತು ಅವುಗಳಲ್ಲಿ ಸುತ್ತುತ್ತ ಏರುವಂತೆ ಮಾಡಿದ. ತೂತುಗಳ ಮೂಲಕ ರಭಸವಾಗಿ ತಣ್ಣೀರು ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ಆ ತೂತುಗಳನ್ನು ದುಂಡಗೆ ಬಿಡದೆ ಉದ್ದುದ್ದ ಎಳೆದು, ಸಾಲಿನಿಂದ ಸಾಲಿಗೆ ಸ್ವಲ್ಪ ಸರಿಸಿಟ್ಟರೆ ತಟ್ಟೆಯ ಮೇಲಿನ ಒತ್ತಡ ಇಳಿಯುತ್ತದೆ ಎಂಬುದನ್ನು ಟ್ಯಾಲಹಾಸಿಯ ಎಂಜಿನಿಯರುಗಳು 1990ರ ದಶಕದಲ್ಲಿ ಕಂಡುಕೊಂಡರು. ಫ್ಲಾರಿಡಾ–ಬಿಟ್ಟರ್ ತಟ್ಟೆ ಎಂಬ ಹೆಸರು ಬಂದದ್ದು ಹಾಗೆ. ತೂತಿನ ಆಕಾರವನ್ನು ತಿದ್ದಿದ್ದಷ್ಟೇ ಬದಲಾವಣೆ. ಅಷ್ಟರಿಂದಲೇ ಅದೇ ವಿದ್ಯುತ್ತಿಗೆ ಹೆಚ್ಚಿನ ಕ್ಷೇತ್ರ ದಕ್ಕಿತು.

ಎರಡನೆಯದು ಬಲ. ಸುರುಳಿಯಲ್ಲಿ ಹರಿಯುವ ವಿದ್ಯುತ್ತಿಗೂ ಅದು ಹುಟ್ಟಿಸಿದ ಕ್ಷೇತ್ರಕ್ಕೂ ನಡುವೆ ನಡೆಯುವ ತಳ್ಳಾಟದಲ್ಲಿ ಸುರುಳಿ ತನ್ನನ್ನು ತಾನೇ ಹೊರಕ್ಕೆ ಸಿಡಿಸಿಕೊಳ್ಳಲು ನೋಡುತ್ತದೆ. 45 ಟೆಸ್ಲಾದಲ್ಲಿ ಕ್ಷೇತ್ರದ ಒತ್ತಡ ವಾಯುಮಂಡಲದ ಒತ್ತಡದ ಎಂಟು ಸಾವಿರ ಪಟ್ಟು. ಕ್ಷೇತ್ರ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. 100 ಟೆಸ್ಲಾದ ಹೊತ್ತಿಗೆ ಅದು ನಲವತ್ತು ಸಾವಿರ ಪಟ್ಟಿಗೆ ಬಂದು ನಿಲ್ಲುತ್ತದೆ. ತಾಮ್ರ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದರೆ ಮೆದು. ಉಕ್ಕು ಗಟ್ಟಿ, ಆದರೆ ವಿದ್ಯುತ್ತನ್ನು ಅಷ್ಟಾಗಿ ಬಿಡದು. ಎರಡು ಗುಣವನ್ನೂ ಒಂದೇ ಲೋಹದಲ್ಲಿ ಹುಡುಕುವುದೇ ಇವರ ನಿತ್ಯದ ಪಾಡು. ಬೆಳ್ಳಿ ಬೆರೆಸಿದ ತಾಮ್ರದ ಮಿಶ್ರಲೋಹ ಒಂದು ಮಟ್ಟಿಗೆ ಕೈಹಿಡಿದಿದೆ.

45 ಟೆಸ್ಲಾದ ಯಂತ್ರ ಹೈಬ್ರಿಡ್, ಎರಡು ಅಯಸ್ಕಾಂತಗಳ ಕೂಡಿಕೆ. ಒಳಗೆ ನೀರು ಹರಿಯುವ ತಟ್ಟೆಗಳದ್ದು, ಅದರ ಪಾಲು 33.5 ಟೆಸ್ಲಾ. ಹೊರಗೆ ಅತಿವಾಹಕದ ಸುರುಳಿ, ಅದರದ್ದು 11.5 ಟೆಸ್ಲಾ. ಅತಿವಾಹಕದಲ್ಲಿ ವಿದ್ಯುತ್ತಿಗೆ ಅಡ್ಡಿಯೇ ಇಲ್ಲ, ಆದ್ದರಿಂದ ಬಿಸಿಯೂ ಇಲ್ಲ. ಆದರೆ ಅದನ್ನು ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಟ್ಟಿರಬೇಕು. ಒಂದು ಕಡೆ 30 ಮೆಗಾವಾಟ್ ಬಿಸಿಯನ್ನು ಹೊತ್ತೋಡುವ ನೀರು, ಅದಕ್ಕೆ ತಾಗಿದಂತೆಯೇ ಅಂತರಿಕ್ಷಕ್ಕಿಂತ ತಣ್ಣಗಿನ ಹೀಲಿಯಂ. ಈ ಎರಡನ್ನೂ ಒಂದೇ ಕವಚದೊಳಗೆ ನೆಮ್ಮದಿಯಿಂದ ಇರಿಸಿದ್ದು ಎಂಜಿನಿಯರಿಂಗಿನ ದೊಡ್ಡ ಸಾಧನೆ.

ಲಾಸ್ ಅಲಮೋಸ್‌ನಲ್ಲಿ ಬೇರೆಯದೇ ಹಾದಿ. ಕ್ಷೇತ್ರವನ್ನು ನಿಲ್ಲಿಸುವ ಹಂಬಲ ಬಿಟ್ಟು, ಸುರುಳಿ ಕರಗುವ ಮೊದಲೇ ಕೆಲಸ ಮುಗಿಸಿಬಿಡುವುದು. ಇದರ ಮೊದಲ ಗುರು ಪ್ಯೋತರ್ ಕಪಿತ್ಸಾ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಭಾರೀ ಜನರೇಟರೊಂದನ್ನು ಕ್ಷಣಮಾತ್ರ ಶಾರ್ಟ್ ಮಾಡಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು 30 ಟೆಸ್ಲಾ ಮೀರಿದ ಕ್ಷೇತ್ರ ಪಡೆಯುತ್ತಿದ್ದ. ಆ ಹೊಡೆತಕ್ಕೆ ಜನರೇಟರ್ ನೆಲವನ್ನೇ ನಡುಗಿಸುತ್ತಿತ್ತು. ಅದಕ್ಕೆಂದೇ ಸುರುಳಿಯನ್ನು ಕೋಣೆಯ ಇನ್ನೊಂದು ತುದಿಯಲ್ಲಿ, ಇಪ್ಪತ್ತು ಮೀಟರ್ ದೂರದಲ್ಲಿಟ್ಟ. ನೆಲದ ನಡುಕ ಅಲ್ಲಿಗೆ ಬಂದು ಮುಟ್ಟುವ ಮೊದಲೇ ಪ್ರಯೋಗ ಮುಗಿದಿರುತ್ತಿತ್ತು. ಲಾಸ್ ಅಲಮೋಸ್‌ನ ಜನರೇಟರಿನ ಸಾಮರ್ಥ್ಯ 1,400 ಮೆಗಾವಾಟಿಗೂ ಹೆಚ್ಚು. ಅಣುವಿದ್ಯುತ್ ಸ್ಥಾವರಕ್ಕೆಂದು ತಯಾರಾಗಿ, ಆ ಯೋಜನೆ ನಿಂತುಹೋದಾಗ ಅನಾಥವಾದ ಯಂತ್ರ ಅದು. ಅದರ ಶಕ್ತಿಯನ್ನು ಹೊರಸುರುಳಿಗಳಿಗೂ ಕೆಪಾಸಿಟರುಗಳ ಶಕ್ತಿಯನ್ನು ಒಳಸುರುಳಿಗೂ ಊಡಿಸಿ 2012ರ ಮಾರ್ಚ್ 22ರಂದು 100.75 ಟೆಸ್ಲಾ ಮುಟ್ಟಿದರು. ಸುರುಳಿ ಒಡೆಯಲಿಲ್ಲ. ಮುಖ್ಯ ಸಂಗತಿ ಅದೇ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ 1,200 ಟೆಸ್ಲಾ ಪಡೆದದ್ದುಂಟು. ಆದರೆ ಅಲ್ಲಿ ಪ್ರತಿ ಸಲವೂ ಸುರುಳಿ ಚೂರುಚೂರಾಗುತ್ತದೆ. ಒಂದೇ ಹರಳಿನ ಮೇಲೆ ಮತ್ತೆ ಮತ್ತೆ ಅಳತೆ ಮಾಡಬೇಕಾದವರಿಗೆ ಒಡೆಯದ ಸುರುಳಿಯೇ ಬೇಕು.

ಹರಳಿನೊಳಗಿನ ಒಗಟು

ಇಷ್ಟೆಲ್ಲ ಮಾಡಿ ನೋಡುವುದೇನು? ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿಗೆ ನೇರ ಓಡಲು ಬಿಡುವಿಲ್ಲ. ಗಾಣಕ್ಕೆ ಕಟ್ಟಿದ ಎತ್ತಿನಂತೆ ಅದು ಸುತ್ತಲೇಬೇಕು. ಕ್ಷೇತ್ರ ಬಲವಾದಷ್ಟೂ ಸುತ್ತು ಬಿಗಿಯಾಗುತ್ತದೆ. ಕ್ವಾಂಟಂ ನಿಯಮದ ಪ್ರಕಾರ ಎಲ್ಲ ಸುತ್ತುಗಳಿಗೂ ಅನುಮತಿಯಿಲ್ಲ, ಕೆಲವೇ ಅಳತೆಯವು ನಡೆಯುತ್ತವೆ. ಹಾಗಾಗಿ ಕ್ಷೇತ್ರವನ್ನು ಏರಿಸುತ್ತ ಹೋದರೆ ಲೋಹದ ಕಾಂತಗುಣವೂ ವಿದ್ಯುತ್ ರೋಧವೂ ಅಲೆಅಲೆಯಾಗಿ ಏರಿಳಿಯುತ್ತವೆ. 1930ರಲ್ಲಿ ಇದು ಮೊದಲು ಕಂಡದ್ದು ಹಾಲೆಂಡಿನ ಲೈಡನ್‌ನಲ್ಲಿ. ಆ ಏರಿಳಿತದ ಲಯವನ್ನು ಅಳೆದರೆ ಲೋಹದೊಳಗೆ ಎಲೆಕ್ಟ್ರಾನುಗಳು ಹೇಗೆ ಹಂಚಿಕೊಂಡಿವೆ ಎಂಬುದರ ನಕ್ಷೆಯನ್ನೇ ಬಿಡಿಸಬಹುದು ಎಂದು 1952ರಲ್ಲಿ ಲಾರ್ಸ್ ಆನ್‌ಸಾಗರ್ ತೋರಿಸಿಕೊಟ್ಟ. ಆದರೆ ಎಲೆಕ್ಟ್ರಾನು ದಾರಿಯಲ್ಲಿ ಎಲ್ಲೂ ಡಿಕ್ಕಿ ಹೊಡೆಯದೆ ಒಂದು ಸುತ್ತಾದರೂ ಮುಗಿಸಿದರೆ ಮಾತ್ರ ಲಯ ಕೇಳಿಸೀತು. ಕಲ್ಮಶವಿರುವ, ತೊಡಕಿನ ವಸ್ತುಗಳಲ್ಲಿ ಹಾಗಾಗಲು ಸುತ್ತು ತುಂಬ ಚಿಕ್ಕದಾಗಬೇಕು. ಉನ್ನತ ಕ್ಷೇತ್ರ ಬೇಕಾಗುವುದು ಅಲ್ಲಿ.

ಸಮೇರಿಯಂ ಹೆಕ್ಸಾಬೋರೈಡ್ ಎಂಬ ಹರಳಿನ ಕಥೆ ಕೇಳಿ. ತಣ್ಣಗಾದಾಗ ಅದು ಅವಾಹಕ. ಒಡಲಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಓಡಾಡುವ ಎಲೆಕ್ಟ್ರಾನುಗಳೇ ಇಲ್ಲದ ಕಡೆ ಅವು ಸುತ್ತುವ ಮಾತಾದರೂ ಎಲ್ಲಿಂದ ಬರಬೇಕು? ಆದರೂ 2014ರಲ್ಲಿ ಮಿಷಿಗನ್‌ನ ಲು ಲಿ ಅವರ ತಂಡ ಅದರಲ್ಲಿ ಏರಿಳಿತ ಕಂಡಿದ್ದೇವೆ ಎಂದಿತು. ಅದು ಹರಳಿನ ಮೇಲ್ಮೈಯಿಂದ ಬಂದದ್ದು ಎಂಬುದು ಅವರ ವಿವರಣೆ. ಮರುವರ್ಷವೇ ಕೇಂಬ್ರಿಜ್‌ನ ಸುಚಿತ್ರಾ ಸೆಬಾಸ್ಟಿಯನ್ ಅವರ ತಂಡ ಟ್ಯಾಲಹಾಸಿಯ 45 ಟೆಸ್ಲಾದಲ್ಲೂ ಅಳೆದು, ಏರಿಳಿತ ಮೇಲ್ಮೈಯದಲ್ಲ, ಒಡಲಿನಿಂದಲೇ ಬರುತ್ತಿದೆ, ಅದೂ ಲೋಹಗಳಲ್ಲಿ ಕಾಣುವಂಥದ್ದೇ ಎಂದು ವಾದಿಸಿತು. ಅಹಮದಾಬಾದಿನ ಐಐಎಂನಲ್ಲಿ ಎಂಬಿಎ ಮಾಡಿ, ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಭೌತವಿಜ್ಞಾನ ಹಿಡಿದವರು ಸುಚಿತ್ರಾ. ಒಂದೇ ವಸ್ತು ವಿದ್ಯುತ್ತಿನ ಪರೀಕ್ಷೆಯಲ್ಲಿ ಅವಾಹಕ, ಕಾಂತದ ಪರೀಕ್ಷೆಯಲ್ಲಿ ಲೋಹ. 2018ರಲ್ಲಿ ಯಿಟರ್ಬಿಯಂನ ಬೋರೈಡೊಂದರಲ್ಲಿ ವಿದ್ಯುತ್ ರೋಧವೇ ಏರಿಳಿಯುವುದು ಕಂಡು ಒಗಟು ಇನ್ನಷ್ಟು ಬಿಗಿಯಾಯಿತು. ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ. ಎದುರು ಬದುರು ನಿಂತ ತಂಡಗಳೂ ಅದೇ ಅಯಸ್ಕಾಂತದ ಸರದಿಗೆ ಅರ್ಜಿ ಹಾಕಿ ಅಳೆಯುತ್ತವೆ. ಜಗಳವಾಡುವವರಿಗೆಲ್ಲ ಒಂದೇ ತಕ್ಕಡಿ ಸಿಕ್ಕಿರುವುದು ಎಷ್ಟು ಒಳ್ಳೆಯದು!

ಹೊರಗಿನಿಂದ ಬಂದ ಸಂಶೋಧಕರು ಹಂಚಿಕೆಯ ಅಯಸ್ಕಾಂತದಲ್ಲಿ ಏನು ಮಾಡಬಲ್ಲರು ಎಂಬುದಕ್ಕೆ ಯುರೋಪಿನಲ್ಲೂ ದೊಡ್ಡ ಸಾಕ್ಷಿಯಿದೆ. 1980ರ ಫೆಬ್ರುವರಿ 5ರ ನಡುರಾತ್ರಿ ಕಳೆದ ಮೇಲೆ, ಫ್ರಾನ್ಸಿನ ಗ್ರೆನೋಬಲ್ ಪ್ರಯೋಗಾಲಯದಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಟ್ರಾನ್ಸಿಸ್ಟರೊಂದನ್ನು ಅಳೆಯುತ್ತಿದ್ದರು. ರೋಧದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ವಸ್ತು ಯಾವುದು, ಆಕಾರ ಯಾವುದು ಎಂಬುದರ ಹಂಗಿಲ್ಲದೆ 25,812.807 ಓಮ್‌ನ ಸರಳ ಭಾಗಗಳಲ್ಲೇ ಆ ಮೆಟ್ಟಿಲುಗಳು ನಿಲ್ಲುತ್ತಿದ್ದವು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಜಗತ್ತಿನ ಮಾಪನ ಪ್ರಯೋಗಾಲಯಗಳು ಓಮ್ ಎಂದರೆ ಎಷ್ಟು ಎಂಬುದನ್ನು ಆ ಮೆಟ್ಟಿಲಿನಿಂದಲೇ ತಿಳಿಯುತ್ತವೆ. ಅದೇ ಪರಿಣಾಮವನ್ನು ಗ್ರಾಫೀನ್‌ನಲ್ಲಿ, ತಣಿಸದೆಯೇ, ಕೋಣೆಯ ಉಷ್ಣತೆಯಲ್ಲೇ ತೋರಿಸಿದ 2007ರ ಪ್ರಯೋಗಕ್ಕೆ ಒದಗಿದ್ದು ಟ್ಯಾಲಹಾಸಿಯ 45 ಟೆಸ್ಲಾ.

ತೈಲದ ಹನಿ, ಬೆಂಗಳೂರಿನ ನಂಟು

ಭೌತವಿಜ್ಞಾನಿಗಳ ಹರಳುಗಳಷ್ಟೇ ಅಲ್ಲಿಗೆ ಬರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆ ಸ್ಫೋಟಿಸಿ 11 ಜನ ಸತ್ತರು, ತಿಂಗಳುಗಟ್ಟಲೆ ತೈಲ ಕಡಲಿಗೆ ಸೇರಿತು. ಕಚ್ಚಾತೈಲವೆಂದರೆ ಒಂದೇ ವಸ್ತುವಲ್ಲ, ಹತ್ತಾರು ಸಾವಿರ ಸಂಯುಕ್ತಗಳ ಕಲಸುಮೇಲೋಗರ. ಅದರ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ಕಾಂತಕ್ಷೇತ್ರಕ್ಕೆ ಬಿಟ್ಟರೆ ಹಗುರವಾದದ್ದು ಬೇಗ, ಭಾರವಾದದ್ದು ನಿಧಾನ ಸುತ್ತುತ್ತದೆ. ಸುತ್ತಿನ ವೇಗದಿಂದ ತೂಕ ತಿಳಿಯುವ ಈ ವಿಧಾನವನ್ನು 1970ರ ದಶಕದಲ್ಲಿ ಕೆನಡಾದಲ್ಲಿ ಮೆಲ್ವಿನ್ ಕೊಮಿಸರೋ ಜೊತೆ ಸೇರಿ ರೂಪಿಸಿದ ಅಲನ್ ಮಾರ್ಷಲ್ ಆಮೇಲೆ ಮ್ಯಾಗ್‌ಲ್ಯಾಬಿಗೆ ಬಂದು ನೆಲೆಸಿದರು. ಸೋರಿದ ತೈಲ ಬಿಸಿಲಿಗೆ, ಗಾಳಿಗೆ ಒಡ್ಡಿಕೊಂಡು ಆಮ್ಲಜನಕ ಹೀರಿ ಹೇಗೆ ಬೇರೆಯೇ ವಸ್ತುವಾಗುತ್ತ ಹೋಗುತ್ತದೆ ಎಂಬುದು ಇಲ್ಲಿನ ಉಪಕರಣಗಳಲ್ಲಿ ಅಣು ಅಣುವಾಗಿ ಬಯಲಾಯಿತು. ಕಡಲತೀರದಲ್ಲಿ ಉಳಿದ ಡಾಂಬರಿನಂಥ ಉಂಡೆಗಳ ಗುಟ್ಟು ಹೀಗೆ ತಿಳಿದದ್ದು ಮೀನುಗಾರರ ಬದುಕಿಗೂ ಸಂಬಂಧಪಟ್ಟ ವಿಷಯ.

ಇನ್ನೊಂದು ಶಾಖೆ ಎನ್‌ಎಂಆರ್, ಅಂದರೆ ಪರಮಾಣು ಬೀಜಗಳ ಕಾಂತಗುಣವನ್ನು ಬಳಸಿ ಅಣುವಿನ ರಚನೆ ತಿಳಿಯುವ ವಿದ್ಯೆ. ಆಸ್ಪತ್ರೆಯ ಎಂಆರ್‌ಐ ಇದರದೇ ಮಗು. ಬೆಂಗಳೂರಿಗೆ ಇಲ್ಲೊಂದು ಹೆಮ್ಮೆಯ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಕಲಿಸಿದ ಪ್ರೊ. ಅನಿಲ್ ಕುಮಾರ್, ಸ್ವಿಟ್ಜರ್ಲೆಂಡಿನಲ್ಲಿದ್ದಾಗ 1975ರಲ್ಲಿ ರಿಚರ್ಡ್ ಅರ್ನ್ಸ್ಟ್ ಮತ್ತು ಡೀಟರ್ ವೆಲ್ಟಿ ಜೊತೆ ಬರೆದ ಪ್ರಬಂಧ ಇಂದಿನ ಎಂಆರ್‌ಐ ಚಿತ್ರಣದ ಗಣಿತಕ್ಕೆ ತಳಹದಿ ಹಾಕಿತು. 1980ರಲ್ಲಿ ಅರ್ನ್ಸ್ಟ್ ಮತ್ತು ಕರ್ಟ್ ವೂತ್ರಿಕ್ ಜೊತೆ ಅವರು ತೋರಿಸಿದ ದಾರಿ ಪ್ರೋಟೀನುಗಳ ಆಕಾರ ಕಂಡುಹಿಡಿಯಲು ನೆರವಾಯಿತು. ಆ ಇಬ್ಬರು ಸಹಲೇಖಕರಿಗೂ ಮುಂದೆ ನೊಬೆಲ್ ಸಿಕ್ಕಿತು. ಎಂಆರ್‌ಐ ಕೋಣೆಗೆ ಹೋಗಿಬಂದ ನಮ್ಮೂರಿನವರಲ್ಲಿ ಎಷ್ಟು ಜನರಿಗೆ ಅನಿಲ್ ಕುಮಾರ್ ಹೆಸರು ಗೊತ್ತು? ಗೊತ್ತಿರಬೇಕಿತ್ತು ಅನ್ನಿಸುತ್ತದೆ.

ಈ ವಿದ್ಯೆಗೆ ಕ್ಷೇತ್ರ ಬಲವಾಗಿದ್ದರೆ ಸಾಲದು, ಜಾಗದಿಂದ ಜಾಗಕ್ಕೆ ಒಂದಿಷ್ಟೂ ಬದಲಾಗಬಾರದು. ಮ್ಯಾಗ್‌ಲ್ಯಾಬಿನಲ್ಲಿ 21.1 ಟೆಸ್ಲಾದ, 105 ಮಿಲಿಮೀಟರ್ ಬಾಯಿಯ ಅಯಸ್ಕಾಂತವೊಂದಿದೆ. ಅದರಲ್ಲಿ ಇಲಿಯ ಮಿದುಳನ್ನು ಜೀವಂತವಾಗಿ ನೋಡುತ್ತಾರೆ. ಸಾಮಾನ್ಯ ಸ್ಕ್ಯಾನರುಗಳು ನೀರಿನ ಹೈಡ್ರೋಜನ್ ನೋಡಿದರೆ, ಇಲ್ಲಿ ಸೋಡಿಯಂ ಕೂಡ ಕಾಣುತ್ತದೆ. 36 ಟೆಸ್ಲಾದ ಮತ್ತೊಂದು ಅಯಸ್ಕಾಂತ, ಆಮ್ಲಜನಕದಂಥ ಹಟಮಾರಿ ಧಾತುಗಳನ್ನೂ ಮಾತಾಡಿಸುತ್ತದೆ. ಜೀವಕೋಶದ ಪೊರೆಯಲ್ಲಿರುವ ಕಾಲುವೆಯಂಥ ಅಣುವಿನಲ್ಲಿ ನೀರಿನ ಅಣುಗಳು ಸಾಲಾಗಿ ನಿಲ್ಲುವ ಬಗೆಯನ್ನು ಅದರಲ್ಲಿ ಅಧ್ಯಯನ ಮಾಡಿದ್ದಾರೆ.

ಈ ಪ್ರಯೋಗಗಳ ಪ್ರಬಂಧಗಳಲ್ಲಿ ಅರ್ಜಿ ಹಾಕಿದವರ ಹೆಸರು ಮುಂದಿರುತ್ತದೆ. ಸುರುಳಿ ಸುತ್ತಿದವರು, ನೀರಿನ ಶುದ್ಧತೆ ಕಾಯುವವರು, ಹೀಲಿಯಂ ಹನಿಯೂ ಗಾಳಿಪಾಲಾಗದಂತೆ ಹಿಡಿದು ಮತ್ತೆ ದ್ರವ ಮಾಡುವವರು, ನಡುರಾತ್ರಿ ತಂತಿ ಕಡಿದರೆ ಬಂದು ಬೆಸುಗೆ ಹಾಕಿಕೊಡುವವರು ಬಹುಪಾಲು ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಒಂದು ವಾರದ ಸರದಿ ಹಿಡಿದು ದೂರದಿಂದ ಬಂದವರಿಗೆ ಆ ಅಯಸ್ಕಾಂತದ ಸ್ವಭಾವ ಗೊತ್ತಿರುವುದಿಲ್ಲ. ಗೊತ್ತಿರುವ ಸ್ಥಳೀಯ ವಿಜ್ಞಾನಿಯೊಬ್ಬರು ಪಕ್ಕದಲ್ಲಿ ಕೂರುತ್ತಾರೆ. ಅವರಿಲ್ಲದೆ 45 ಟೆಸ್ಲಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಉತ್ತರವೇ ಉಪಕರಣವಾದದ್ದು

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು ಹೊಸ ಬಗೆಯ ಅತಿವಾಹಕ ಕಂಡರು. 1987ರ ಆರಂಭದಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ದ್ರವ ನೈಟ್ರೋಜನ್‌ನ ಉಷ್ಣತೆಯಲ್ಲೇ ಅತಿವಾಹಕವಾಗುವುದು ಗೊತ್ತಾಯಿತು. ಅದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ಭೌತವಿಜ್ಞಾನಿಗಳು ಅಂದಿನಿಂದ ಉನ್ನತ ಕ್ಷೇತ್ರಗಳ ಮೊರೆ ಹೋಗಿದ್ದಾರೆ. ಆದರೆ ಆ ವಸ್ತು ಪಿಂಗಾಣಿಯ ಜಾತಿಯದು, ಬಾಗಿಸಿದರೆ ಒಡೆಯುತ್ತದೆ. ತೆಳುವಾದ ಲೋಹದ ಪಟ್ಟಿಯ ಮೇಲೆ ಅದನ್ನು ಲೇಪಿಸಿ ಟೇಪಿನಂತೆ ಸುತ್ತುವುದನ್ನು ಕಲಿಯಲು ದಶಕಗಳೇ ಹಿಡಿದವು. 2017ರ ಡಿಸೆಂಬರಿನಲ್ಲಿ ಮ್ಯಾಗ್‌ಲ್ಯಾಬಿನ ಅಯಸ್ಕಾಂತವೊಂದು, ಪೂರ್ತಿ ಅತಿವಾಹಕಗಳಿಂದಲೇ ಕಟ್ಟಿದ್ದು, 32 ಟೆಸ್ಲಾ ಮುಟ್ಟಿತು. ಹಳೆಯ ಅತಿವಾಹಕ ತಂತಿಗಳು 24 ಟೆಸ್ಲಾದ ಆಸುಪಾಸಿನಲ್ಲೇ ಸೋಲುತ್ತಿದ್ದವು. ಹೀಗೆ, ತಾವು ಬಿಡಿಸಲು ಹೆಣಗುತ್ತಿದ್ದ ಒಗಟಿನ ವಸ್ತುವೇ ಅವರ ಕೈಗೆ ಹೊಸ ಉಪಕರಣವಾಗಿ ಬಂತು. ಮೆಗಾವಾಟುಗಳ ಬಿಲ್ಲಿಲ್ಲ, ಹರಿಯುವ ನೀರಿನ ಅದುರಾಟವಿಲ್ಲ, ದಿನಗಟ್ಟಲೆ ನಿಶ್ಚಲವಾಗಿ ಅಳೆಯಬಹುದು.

2019ರಲ್ಲಿ ಮ್ಯಾಗ್‌ಲ್ಯಾಬಿನಲ್ಲೇ ಸುಂಗ್‌ಯೊಂಗ್ ಹಾನ್ ಮತ್ತು ಸಂಗಡಿಗರು ಅಂಥದೇ ಟೇಪನ್ನು ಸುತ್ತುಗಳ ನಡುವೆ ನಿರೋಧಕ ಪದರವೇ ಇಲ್ಲದೆ ಸುತ್ತಿ, ಕೇವಲ 390 ಗ್ರಾಂ ತೂಕದ ಸುರುಳಿ ಮಾಡಿದರು. 31.1 ಟೆಸ್ಲಾದ ಅಯಸ್ಕಾಂತದೊಳಗೆ ಇಟ್ಟಾಗ ಅದು 14.4 ಟೆಸ್ಲಾ ಸೇರಿಸಿತು. ಒಟ್ಟು 45.5. ಪರೀಕ್ಷಾ ಸುರುಳಿಯಾದ್ದರಿಂದ ಅದರಲ್ಲಿ ಬಳಕೆದಾರರ ಪ್ರಯೋಗ ನಡೆಯದು, ಟೇಪಿಗೆ ಪೆಟ್ಟೂ ಬಿತ್ತು. ಆದರೂ ದಾರಿ ಕಾಣಿಸಿತು. 40 ಟೆಸ್ಲಾದ ಅತಿವಾಹಕ ಅಯಸ್ಕಾಂತವನ್ನು ಸಂಶೋಧಕರ ಬಳಕೆಗೆ ಕೊಡುವ ವಿನ್ಯಾಸ ಕೆಲಸ ಅಲ್ಲಿ ನಡೆದಿದೆ. 2021ರ ಸೆಪ್ಟೆಂಬರಿನಲ್ಲಿ ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಕಂಪನಿ ಸೇರಿ ಅದೇ ಬಗೆಯ ಟೇಪಿನಿಂದ ಪರಮಾಣು ಸಮ್ಮಿಲನ ರಿಯಾಕ್ಟರಿಗಾಗಿ 20 ಟೆಸ್ಲಾದ ದೊಡ್ಡ ಅಯಸ್ಕಾಂತ ಕಟ್ಟಿ ತೋರಿಸಿವೆ.

2022ರ ಆಗಸ್ಟಿನಲ್ಲಿ ಚೀನಾದ ಹೆಫೈ ಪ್ರಯೋಗಾಲಯದ ಹೈಬ್ರಿಡ್ 45.22 ಟೆಸ್ಲಾ ಮುಟ್ಟಿ ಫ್ಲಾರಿಡಾದ ದಾಖಲೆಯನ್ನು ದಾಟಿತು. ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿ, ಜಪಾನ್‌ಗಳಲ್ಲೂ ಇಂಥ ಕೇಂದ್ರಗಳಿವೆ. ಭಾರತದಲ್ಲಿ ಈ ಮಟ್ಟದ್ದು ಇಲ್ಲ. ಬೆಂಗಳೂರು, ಮುಂಬೈ, ಇಂದೋರಿನ ಪ್ರಯೋಗಾಲಯಗಳಲ್ಲಿರುವುದು ಬಹುಪಾಲು ಹೊರಗಿನಿಂದ ಕೊಂಡು ತಂದ ಅತಿವಾಹಕ ಅಯಸ್ಕಾಂತಗಳು. ಅವುಗಳ ಮಿತಿ ದಾಟಬೇಕಾದ ನಮ್ಮ ವಿದ್ಯಾರ್ಥಿ ಹರಳನ್ನು ಜೇಬಿನಲ್ಲಿಟ್ಟುಕೊಂಡು ವೀಸಾಕ್ಕೆ ಕಾಯುತ್ತಾನೆ. ಹಂಚಿಕೊಂಡು ಬಳಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಪುಣೆಯ ಬಳಿ ಖೋಡದ್‌ನ ರೇಡಿಯೊ ದೂರದರ್ಶಕದ ಸಮಯಕ್ಕೆ ಜಗತ್ತಿನ ಖಗೋಳವಿಜ್ಞಾನಿಗಳು ಅರ್ಜಿ ಹಾಕುತ್ತಾರೆ, ಅರ್ಹರಿಗೆ ಸಿಗುತ್ತದೆ. ಅಯಸ್ಕಾಂತಕ್ಕೂ ಅದೇ ಬಗೆಯ ಕೇಂದ್ರವೊಂದು ಇಲ್ಲಿ ಹುಟ್ಟುವುದಾದರೆ 45 ಟೆಸ್ಲಾದ ಪೈಪೋಟಿಯಿಂದ ಶುರುಮಾಡುವ ಅಗತ್ಯ ನನಗೆ ಕಾಣುವುದಿಲ್ಲ. 30 ಟೆಸ್ಲಾದ ಆಸುಪಾಸಿನ ಒಂದು ಅತಿವಾಹಕ ಅಯಸ್ಕಾಂತ, ಹೀಲಿಯಂ ಮರಳಿ ಹಿಡಿಯುವ ಒಂದು ಘಟಕ, ಖಾಯಂ ನೌಕರಿಯಲ್ಲಿರುವ ಹತ್ತಾರು ನುರಿತ ತಂತ್ರಜ್ಞರು, ಯಾವ ಊರಿನ ಕಾಲೇಜಿನಿಂದ ಬಂದ ಅರ್ಜಿಯನ್ನೂ ಪ್ರಶ್ನೆಯ ತೂಕದ ಮೇಲಷ್ಟೇ ಅಳೆಯುವ ಒಂದು ಸಮಿತಿ ಇದ್ದರೆ ಕೆಲಸ ಆರಂಭಿಸಬಹುದು. ಇವುಗಳಲ್ಲಿ ತಂತ್ರಜ್ಞರನ್ನು ಬೆಳೆಸಲು ಎಲ್ಲಕ್ಕಿಂತ ಹೆಚ್ಚು ವರ್ಷ ಬೇಕು, ಅವರ ನೇಮಕವೇ ಮೊದಲು ಆಗಬೇಕು.